ಇ-ರೀಡರ್ ಬ್ಯಾಟರಿ: ಸೈಕಲ್ ಲೆಕ್ಕ ಬಿಡಿ, ಡ್ರಾಯರ್ ಲೆಕ್ಕ ಹಿಡಿಯಿರಿ

ಕಿಂಡಲ್, ಕೋಬೋ ತರಹದ ಇ-ರೀಡರ್ ಕೊಂಡವರು ಬ್ಯಾಟರಿ ಬಗ್ಗೆ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ಸಲ ಚಾರ್ಜ್ ಮಾಡಬಹುದು? ಇದಕ್ಕೆ ಉತ್ತರ ಸುಲಭ. ಇವುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸೈಕಲ್ (ಪೂರ್ತಿ ಒಂದು ಚಾರ್ಜ್ ಖರ್ಚಾಗುವ ಸುತ್ತು) ಮುಗಿಸುವಷ್ಟರಲ್ಲಿ ಮೂಲ ಸಾಮರ್ಥ್ಯದ ಶೇ 80ಕ್ಕೆ ಇಳಿಯುತ್ತದೆ. ದಿನಕ್ಕೆ ಒಂದು ಗಂಟೆ ಓದುವವರು ಮೂರು ನಾಲ್ಕು ವಾರಕ್ಕೊಮ್ಮೆ ಚಾರ್ಜಿಗೆ ಹಾಕುತ್ತಾರೆ, ಅಂದರೆ ವರ್ಷಕ್ಕೆ ಸುಮಾರು 15 ಸೈಕಲ್. ಹೀಗೆ 300 ಮುಗಿಯಲು 20 ವರ್ಷ ಬೇಕು. ಅಷ್ಟು ವರ್ಷ ಬಾಳಿದ ಇ-ರೀಡರ್ ಬ್ಯಾಟರಿಯನ್ನು ಯಾರೂ ನೋಡಿರಲಿಕ್ಕಿಲ್ಲ. ನಾಲ್ಕೈದು ವರ್ಷಕ್ಕೇ ಸೊರಗಿದ ಬ್ಯಾಟರಿಗಳನ್ನು ಮಾತ್ರ ಎಲ್ಲರೂ ನೋಡಿದ್ದಾರೆ.

ಹಾಗಾದರೆ ಅದನ್ನು ಕೊಲ್ಲುವುದು ಯಾವುದು? ತುಂಬಿದ ಸ್ಥಿತಿಯಲ್ಲಿ ಬಿಸಿಯಲ್ಲಿ ಕಳೆದ ದಿನಗಳು, ಪೂರ್ತಿ ಖಾಲಿಯಾಗಿ ಡ್ರಾಯರ್‌ನಲ್ಲಿ ಮರೆತುಹೋದ ತಿಂಗಳುಗಳು. ಫೋನಿನ ಬ್ಯಾಟರಿ ದುಡಿದು ಸಾಯುತ್ತದೆ, ಇ-ರೀಡರ್‌ನದು ಕೂತು ಸಾಯುತ್ತದೆ. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಂದು ಸೈಕಲ್ ಎಂದರೆ

ಚಾರ್ಜರ್ ಚುಚ್ಚಿದ ಪ್ರತಿ ಸಲವೂ ಒಂದು ಸೈಕಲ್ ಅಲ್ಲ. ಒಟ್ಟು ಶೇ 100ರಷ್ಟು ಚಾರ್ಜ್ ಖರ್ಚಾದಾಗ ಒಂದು ಸೈಕಲ್. ನೂರರಿಂದ ಐವತ್ತಕ್ಕೆ ಇಳಿಸಿ ಮತ್ತೆ ತುಂಬಿಸಿದ್ದು ಎರಡು ಸಲವಾದರೆ ಒಂದು. ಶೇ 25ರಂತೆ ನಾಲ್ಕು ಸಲವಾದರೂ ಒಂದೇ. ಹಾಗಾಗಿ ಸ್ವಲ್ಪ ಸ್ವಲ್ಪವೇ ಚಾರ್ಜ್ ಮಾಡಿದರೆ ಸೈಕಲ್ ದಂಡವಾಗುತ್ತದೆ ಎಂಬ ಭಯ ಬೇಡ. ಹೊಸದಾಗಿ ಕೊಂಡಾಗ ಎಂಟು ಗಂಟೆ ಚಾರ್ಜ್ ಮಾಡಬೇಕು, ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕು ಎಂಬ ಮಾತುಗಳು ನಿಕಲ್-ಕ್ಯಾಡ್ಮಿಯಂ ಕಾಲದವು. ಲಿಥಿಯಂಗೆ ಆ 'ನೆನಪಿನ' ರೋಗವಿಲ್ಲ.

ಕಂಪನಿ ಹೇಳುವ 'ಹತ್ತು ವಾರ' ಕೂಡ ಎಂಥ ಲೆಕ್ಕ ಎಂದು ತಿಳಿದಿರಲಿ. 2021ರ ಕಿಂಡಲ್ ಪೇಪರ್‌ವೈಟ್‌ಗೆ ಒಮ್ಮೆ ಚಾರ್ಜ್ ಮಾಡಿದರೆ ಹತ್ತು ವಾರ ಎನ್ನುವಾಗ ಷರತ್ತು ಹೀಗಿದೆ: ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ದೀಪ 13ನೇ ಮಟ್ಟದಲ್ಲಿ. ಹತ್ತು ವಾರ ಎಂದರೆ 70 ದಿನ, ಅರ್ಧ ಗಂಟೆಯಂತೆ ಒಟ್ಟು 35 ಗಂಟೆಯ ಓದು. ದಿನಕ್ಕೆ ಎರಡು ಗಂಟೆ ಓದುವವರಿಗೆ ಅದೇ ಬ್ಯಾಟರಿ ಎರಡೂವರೆ ವಾರಕ್ಕೆ ಮುಗಿದರೆ ಅದು ಕೆಟ್ಟಿಲ್ಲ, ಸರಿಯಾಗಿಯೇ ಇದೆ. ದೂರು ಹೇಳುವ ಮೊದಲು ಈ ಭಾಗಾಕಾರ ಮಾಡಿಕೊಳ್ಳಿ.

ತುಂಬಿದ್ದೂ ಕಷ್ಟ, ಬರಿದಾದದ್ದೂ ಕಷ್ಟ

ಪೂರ್ತಿ ಚಾರ್ಜ್ ಆದ ಲಿಥಿಯಂ ಕೋಶ 4.2 ವೋಲ್ಟ್‌ನಲ್ಲಿರುತ್ತದೆ, ಖಾಲಿ ಎನ್ನುವಾಗ 3 ವೋಲ್ಟ್‌ನ ಆಸುಪಾಸು. ವೋಲ್ಟೇಜ್ ಎತ್ತರದಲ್ಲಿದ್ದಷ್ಟು ಹೊತ್ತು ಒಳಗಿನ ದ್ರಾವಣ ವಿದ್ಯುದ್ವಾರಗಳ ಜೊತೆ ಬೇಡದ ಪ್ರತಿಕ್ರಿಯೆ ನಡೆಸುತ್ತಲೇ ಇರುತ್ತದೆ. ಬಿಸಿ ಆ ವೇಗವನ್ನು ಹೆಚ್ಚಿಸುತ್ತದೆ. ಬ್ಯಾಟರಿ ತಂತ್ರಜ್ಞರು ಬಳಸುವ ಅಂದಾಜು ಲೆಕ್ಕ ಇದು: ಶೇ 40 ಚಾರ್ಜ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಇಟ್ಟ ಬ್ಯಾಟರಿಯಲ್ಲಿ ಶೇ 96ರಷ್ಟು ಸಾಮರ್ಥ್ಯ ಉಳಿಯುತ್ತದೆ, ಅದನ್ನೇ ಪೂರ್ತಿ ತುಂಬಿಸಿ ಇಟ್ಟರೆ ಶೇ 80. ಉಷ್ಣಾಂಶ 40 ಡಿಗ್ರಿಯಾದರೆ ಮೊದಲನೆಯದು ಶೇ 85, ಎರಡನೆಯದು ಶೇ 65. ಒಂದು ಪುಟವನ್ನೂ ತಿರುಗಿಸದೆ, ಒಂದು ಸೈಕಲ್ಲೂ ನಡೆಯದೆ, ಬರೀ ಇಟ್ಟಲ್ಲೇ ಮೂರನೇ ಒಂದು ಭಾಗ ಹೋಯಿತು.

ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ತಾರಸಿ ಕೆಳಗಿನ ಕೋಣೆ, ಕಬ್ಬಿಣದ ಬೀರು, ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್, ಇವು ಮೂರೂ ಇ-ರೀಡರ್‌ಗೆ ಒಲೆ ಇದ್ದ ಹಾಗೆ. ಹೆಚ್ಚಿನ ಇ-ರೀಡರ್‌ಗಳನ್ನು 0ರಿಂದ 35 ಡಿಗ್ರಿಯೊಳಗೆ ಬಳಸಲೆಂದು ಮಾಡಿರುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕಬೇಡಿ; ಬೆಳಗಿನ ಆರು ಗಂಟೆಯ ತಂಪಿನಲ್ಲಿ ಹಾಕಿ. ಚಾರ್ಜ್ ಆಗುವಾಗ ದಪ್ಪ ಕವರ್ ತೆಗೆದಿಡಿ, ದಿಂಬಿನ ಕೆಳಗಂತೂ ಬೇಡವೇ ಬೇಡ.

ಇದರ ಇನ್ನೊಂದು ತುದಿ ಮಿನಿಯಾಪೊಲಿಸ್, ಟೊರೊಂಟೊಗಳಲ್ಲಿರುವ ಕನ್ನಡಿಗರಿಗೆ. ರಾತ್ರಿಯಿಡೀ ಕಾರಿನಲ್ಲಿ ಸೊನ್ನೆಯ ಕೆಳಗೆ ಕೂತ ಇ-ರೀಡರ್‌ನ ಪರದೆಯಲ್ಲಿ ಬೆಳಿಗ್ಗೆ ಪುಟ ನಿಧಾನವಾಗಿ ತಿರುಗುತ್ತದೆ, ಅದೇನೂ ತೊಂದರೆಯಲ್ಲ. ಆದರೆ ಆ ಚಳಿಯಲ್ಲೇ ಚಾರ್ಜಿಗೆ ಹಾಕಿದರೆ ಲಿಥಿಯಂ ಗ್ರಾಫೈಟ್‌ನ ಒಳಗೆ ಹೋಗುವ ಬದಲು ಅದರ ಮೇಲೆಯೇ ಲೋಹವಾಗಿ ಕೂರುತ್ತದೆ, ಆ ಹಾನಿ ತಿರುಗಿ ಬಾರದು. ಮನೆಯೊಳಗೆ ಒಂದೆರಡು ಗಂಟೆ ಇಟ್ಟು ಬೆಚ್ಚಗಾದ ಮೇಲೆ ಚಾರ್ಜ್ ಮಾಡಿ.

ಇನ್ನು ಬರಿದಾಗುವ ಕಷ್ಟ. ಪರದೆಯಲ್ಲಿ ಸೊನ್ನೆ ಕಂಡಾಗ ಬ್ಯಾಟರಿಯಲ್ಲಿ ಸ್ವಲ್ಪ ಉಳಿಸಿಯೇ ಯಂತ್ರ ನಿಲ್ಲುತ್ತದೆ. 1,500 ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿ ಹಿಡಿಸುವ ಚಾರ್ಜಿನ ಅಳತೆ) ಬ್ಯಾಟರಿಯಲ್ಲಿ ಶೇ 3 ಉಳಿದಿದೆ ಎನ್ನಿ, ಅದು 45 ಎಂಎಎಚ್. ಸ್ಲೀಪ್‌ನಲ್ಲಿ ಅರ್ಧ ಮಿಲಿಆಂಪಿಯರ್ ಎಳೆಯುತ್ತಿದ್ದರೂ 90 ಗಂಟೆಗೆ ಅಷ್ಟೂ ಮುಗಿಯಿತು, ನಾಲ್ಕು ದಿನವೂ ಇಲ್ಲ. ಆಮೇಲೆ ವೋಲ್ಟೇಜ್ 2.5ರ ಹತ್ತಿರ ಬಂದಾಗ ಬ್ಯಾಟರಿಯ ತಲೆಯ ಮೇಲಿರುವ ಪುಟ್ಟ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿಯುತ್ತದೆ. ಕಡಿದರೂ ಕೋಶ ತನ್ನಷ್ಟಕ್ಕೆ ಸೋರುತ್ತಲೇ ಇರುತ್ತದೆ. ತೀರಾ ಕೆಳಕ್ಕೆ ಹೋದರೆ ಒಳಗಿನ ತಾಮ್ರದ ಹಾಳೆಯೇ ಕರಗಲು ಶುರುವಾಗಿ, ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ. 'ಪರೀಕ್ಷೆ ಮುಗಿದ ಮೇಲೆ ಓದುತ್ತೇನೆ' ಎಂದು ಎತ್ತಿಟ್ಟ ಇ-ರೀಡರ್ ಆರು ತಿಂಗಳ ಮೇಲೆ ಏಳದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಚಾರ್ಜ್ ಮಾಡುವ ಬಗೆ

ಫೋನಿನ ಹಾಗೆ ಪ್ರತಿ ರಾತ್ರಿ ಚಾರ್ಜಿಗೆ ಚುಚ್ಚಿಡುವ ಅಭ್ಯಾಸವನ್ನು ಮೊದಲು ಬಿಡಿ. ಅದರಿಂದ ಬ್ಯಾಟರಿ ಬದುಕೆಲ್ಲ 4.2 ವೋಲ್ಟ್‌ನಲ್ಲೇ ಕಳೆಯುತ್ತದೆ. ಶೇ 20-25ಕ್ಕೆ ಇಳಿದಾಗ ಹಾಕಿ, 80-90ಕ್ಕೆ ಬಂದಾಗ ತೆಗೆಯಿರಿ. ಆದರೆ ಇದನ್ನು ಏಕಾದಶಿಯ ಉಪವಾಸದಂತೆ ಕಟ್ಟುನಿಟ್ಟಾಗಿ ಆಚರಿಸಬೇಕಾಗಿಲ್ಲ. ಪ್ರಯಾಣಕ್ಕೆ ಹೊರಟಾಗ ನೂರು ತುಂಬಿಸಿದರೆ, ಓದುತ್ತ ಹೋದಂತೆ ನಾಲ್ಕೈದು ದಿನದಲ್ಲಿ ತಾನೇ ಕೆಳಗಿಳಿಯುತ್ತದೆ, ಅಷ್ಟರಿಂದ ಏನೂ ಆಗದು. ತುಂಬಿಸಿ, ಓದದೆ, ಬೀರುವಿನಲ್ಲಿ ಇಡುವುದು ತಪ್ಪು.

ಫೋನುಗಳಲ್ಲಿ ಈಗ ಇರುವಂತೆ ಶೇ 80ಕ್ಕೆ ತಾನೇ ನಿಲ್ಲಿಸುವ ವ್ಯವಸ್ಥೆ ಬಹುತೇಕ ಇ-ರೀಡರ್‌ಗಳಲ್ಲಿ ಇಲ್ಲ. ಹಾಗಾಗಿ ಲೆಕ್ಕ ಹಾಕಿ ಅಲಾರಂ ಇಡುವುದೇ ದಾರಿ. 1,500 ಎಂಎಎಚ್ ಬ್ಯಾಟರಿ ಶೇ 25ರಿಂದ 80ಕ್ಕೆ ಬರಲು 825 ಎಂಎಎಚ್ ಬೇಕು. ಕಂಪ್ಯೂಟರಿನ ಹಳೆಯ ಯುಎಸ್‌ಬಿ 2.0 ಕಿಂಡಿ 500 ಮಿಲಿಆಂಪಿಯರ್ ಕೊಡುತ್ತದೆ. 825 ಭಾಗಿಸು 500, ಅಂದರೆ ಒಂದು ಗಂಟೆ 40 ನಿಮಿಷ. ಇಂಥ ನಿಧಾನ ಚಾರ್ಜ್ ಬ್ಯಾಟರಿಗೂ ಹಿತ.

ಫೋನಿನ ಜೊತೆ ಬಂದ 65 ವ್ಯಾಟ್ ಚಾರ್ಜರ್ ಹಾಕಬಹುದೇ? ಹಾಕಬಹುದು. ಒಳ್ಳೆಯ ಚಾರ್ಜರ್ ಎದುರಿನ ಯಂತ್ರ ಕೇಳದೆ 5 ವೋಲ್ಟ್‌ಗಿಂತ ಹೆಚ್ಚು ಕೊಡುವುದಿಲ್ಲ, ಎಷ್ಟು ಆಂಪಿಯರ್ ಎಳೆಯಬೇಕೆಂದು ತೀರ್ಮಾನಿಸುವುದು ಇ-ರೀಡರ್ ಒಳಗಿನ ಚಿಪ್. ಭಯ ಪಡಬೇಕಾದ್ದು ಬಸ್‌ಸ್ಟ್ಯಾಂಡ್‌ನ ನೂರು ರೂಪಾಯಿ ಚಾರ್ಜರ್‌ಗೆ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಟೈಪ್-ಸಿ ಕಿಂಡಿಯಿರುವ ಕೆಲವು ಅಗ್ಗದ ಇ-ರೀಡರ್‌ಗಳು ಎರಡೂ ಕಡೆ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜೇ ಆಗುವುದಿಲ್ಲ, ಚಾರ್ಜರ್ ಕೆಟ್ಟಿದೆ ಎಂದು ಜನ ಎಸೆಯುತ್ತಾರೆ. ಕಿಂಡಿಯಲ್ಲಿ ಎದುರಿನ ಯಂತ್ರವನ್ನು ಗುರುತಿಸಲೆಂದೇ ಇರುವ 'ಸಿಸಿ' ತಂತಿಗಳ ಮೇಲೆ ಇರಬೇಕಾದ 5.1 ಕಿಲೋಓಮ್ ರೆಸಿಸ್ಟರ್‌ಗಳನ್ನು ತಯಾರಕರು ಖರ್ಚು ಉಳಿಸಲು ಹಾಕದೆ ಬಿಟ್ಟಿರುತ್ತಾರೆ. ಅವಿಲ್ಲದೆ ಚಾರ್ಜರ್‌ಗೆ ಎದುರು ಯಂತ್ರವಿದೆ ಎಂದೇ ಗೊತ್ತಾಗದು. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ-ಎ ಇರುವ ಕೇಬಲ್ ಹಾಕಿ, ಕೆಲಸ ಮಾಡುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಬ್ಯಾಟರಿಗಿಂತ ಮೊದಲು ಕಿಂಡಿ ಹಾಳಾಗುತ್ತದೆ. ಟಾರ್ಚ್ ಬಿಟ್ಟು ನೋಡಿ: ಹಸಿರು ಅಥವಾ ಬಿಳಿ ಪುಡಿ ಕಂಡರೆ, ಯಂತ್ರ ಆಫ್ ಮಾಡಿ, ಒಣ ಮೃದು ಬ್ರಷ್‌ಗೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಉಜ್ಜಿ, ಅರ್ಧ ಗಂಟೆ ಆರಲು ಬಿಡಿ. ಬಟ್ಟೆಯ ನಾರು ತುಂಬಿದ್ದರೆ ಮರದ ಹಲ್ಲುಕಡ್ಡಿ ಸಾಕು. ಸೇಫ್ಟಿ ಪಿನ್ ಹತ್ತಿರ ತರಬೇಡಿ.

ಎತ್ತಿಡುವ ಮುನ್ನ

ಒಂದು ತಿಂಗಳಿಗಿಂತ ಹೆಚ್ಚು ಕಾಲ ಮುಟ್ಟುವುದಿಲ್ಲ ಎಂದು ಗೊತ್ತಿದ್ದರೆ ಹೀಗೆ ಮಾಡಿ. ಚಾರ್ಜ್ ಶೇ 50-60ರ ನಡುವೆ ತನ್ನಿ. ಏರೋಪ್ಲೇನ್ ಮೋಡ್ ಹಾಕಿ. ಯಂತ್ರಕ್ಕೆ ನಿಜವಾದ ಪವರ್-ಆಫ್ ಇದ್ದರೆ ಆಫ್ ಮಾಡಿ. ಇಲ್ಲೊಂದು ಸೂಕ್ಷ್ಮವಿದೆ: ಕಿಂಡಲ್‌ನಲ್ಲಿ ಬಟನ್ ಒತ್ತಿ ಹಿಡಿದಾಗ ಬರುವ 'ಸ್ಕ್ರೀನ್ ಆಫ್' ಪರದೆಯನ್ನಷ್ಟೇ ಖಾಲಿ ಮಾಡುತ್ತದೆ, ಒಳಗೆ ಯಂತ್ರ ತೂಕಡಿಸುತ್ತಲೇ ಇರುತ್ತದೆ. ಕೋಬೋದಲ್ಲಿ ಪೂರ್ತಿ ಆಫ್ ಆಗುವ ಸೌಲಭ್ಯವಿದೆ; ಇಂತಿಷ್ಟು ಹೊತ್ತು ಮುಟ್ಟದಿದ್ದರೆ ತಾನೇ ಆಫ್ ಆಗುವಂತೆ ಸೆಟ್ಟಿಂಗ್ಸ್‌ನಲ್ಲಿ ಹೇಳಿಡಲೂಬಹುದು. ಫೋನಿನ ಕ್ಯಾಲೆಂಡರ್‌ನಲ್ಲಿ ಎರಡು ತಿಂಗಳಿಗೊಮ್ಮೆ ನೆನಪಿಸುವಂತೆ ಗುರುತು ಹಾಕಿ, ಆಗ ನೋಡಿ ಶೇ 30ಕ್ಕಿಂತ ಇಳಿದಿದ್ದರೆ ಮತ್ತೆ 60ಕ್ಕೆ ತನ್ನಿ. ಫ್ರಿಜ್‌ನಲ್ಲಿಡುವ ಸಲಹೆ ಕೇಳಿ ಮೋಸಹೋಗಬೇಡಿ: ತಂಪು ಸಿಗುತ್ತದೆ, ಜೊತೆಗೆ ಪರದೆಯೊಳಗೆ ತೇವವೂ ಸಿಗುತ್ತದೆ. ನೆಲಮಟ್ಟದ, ಗಾಳಿಯಾಡುವ ಕಪಾಟು ಸಾಕು.

ಬೇಗ ಇಳಿಯುತ್ತಿದ್ದರೆ ಕಳ್ಳನನ್ನು ಹಿಡಿಯುವುದು

ಬ್ಯಾಟರಿ ಹೋಯಿತು ಎಂದು ತೀರ್ಮಾನಿಸುವ ಮೊದಲು ಒಂದು ಸರಳ ಪರೀಕ್ಷೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಶೇಕಡಾವಾರು ಅಂಕಿ ಬರೆದುಕೊಂಡು, ಯಂತ್ರವನ್ನು ಸ್ಲೀಪ್‌ಗೆ ಹಾಕಿ 48 ಗಂಟೆ ಮುಟ್ಟದೆ ಇಡಿ. ಒಟ್ಟು ಇಳಿಕೆ ಶೇ 2ರೊಳಗಿದ್ದರೆ ಯಂತ್ರ ಆರೋಗ್ಯವಾಗಿದೆ, ಖರ್ಚು ಆಗುತ್ತಿರುವುದು ಓದುವಾಗ. ಶೇ 5-6 ದಾಟಿದರೆ ಒಳಗೆ ಏನೋ ನಿದ್ದೆ ಮಾಡದೆ ಓಡುತ್ತಿದೆ.

ಓಡುತ್ತಿರುವುದು ಹೆಚ್ಚಿನ ಸಲ ಇಂಡೆಕ್ಸಿಂಗ್. ಹೊಸ ಪುಸ್ತಕ ಬಂದಾಗಲೆಲ್ಲ ಯಂತ್ರ ಅದನ್ನು ಪದಪದವಾಗಿ ಓದಿ ಹುಡುಕಾಟದ ಪಟ್ಟಿ ತಯಾರಿಸುತ್ತದೆ. ಒಂದೇ ಏಟಿಗೆ 500 ಪುಸ್ತಕ ಸುರಿದರೆ ಗಂಟೆಗಟ್ಟಲೆ ಅದೇ ಕೆಲಸ. 20-30ರಂತೆ ಹಾಕಿ, ಅಥವಾ ಸುರಿದ ದಿನ ಚಾರ್ಜರ್‌ನಲ್ಲೇ ಬಿಡಿ. ಕೆಟ್ಟ ಕಡತ ಒಂದಿದ್ದರಂತೂ ಯಂತ್ರ ಅದರಲ್ಲೇ ಸಿಕ್ಕಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತ ಬ್ಯಾಟರಿ ತಿನ್ನುತ್ತದೆ. ಅದನ್ನು ಹಿಡಿಯಲು ಹಲವು ಕಿಂಡಲ್‌ಗಳಲ್ಲಿ ಒಂದು ಉಪಾಯವಿದೆ: ಹುಡುಕು ಪೆಟ್ಟಿಗೆಯಲ್ಲಿ ಯಾವ ಪುಸ್ತಕದಲ್ಲೂ ಇರಲಾರದ ಅರ್ಥವಿಲ್ಲದ ಅಕ್ಷರಗಳನ್ನು ಬರೆದು ಹುಡುಕಿ. ಇನ್ನೂ ಇಂಡೆಕ್ಸ್ ಆಗದ ಪುಸ್ತಕಗಳಿದ್ದರೆ ಫಲಿತಾಂಶದಲ್ಲಿ ಅವುಗಳ ಪಟ್ಟಿ ಬರುತ್ತದೆ. ಎರಡು ದಿನ ಕಳೆದರೂ ಅದೇ ಹೆಸರು ಅಲ್ಲೇ ಇದ್ದರೆ ಕಳ್ಳ ಸಿಕ್ಕಿದ. ಆ ಕಡತ ಅಳಿಸಿ, ಪವರ್ ಬಟನ್ 40 ಸೆಕೆಂಡ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ.

ಎರಡನೆಯ ಶಂಕಿತ, ಕವರ್. ಮುಚ್ಚಿದರೆ ಮಲಗಿಸುವ ಕವರ್‌ಗಳಲ್ಲಿ ಅಯಸ್ಕಾಂತವಿರುತ್ತದೆ, ಯಂತ್ರದ ಅಂಚಿನ ಹಾಲ್ ಸೆನ್ಸರ್ ಅದನ್ನು ಗುರುತಿಸುತ್ತದೆ. ಅಗ್ಗದ ಕವರ್ ಸಡಿಲವಾಗಿದ್ದರೆ ಚೀಲದಲ್ಲಿ ಅಲುಗಾಡಿದಾಗಲೆಲ್ಲ ಎಚ್ಚರ, ನಿದ್ದೆ, ಎಚ್ಚರ. ಕವರ್ ತೆಗೆದು ಅದೇ 48 ಗಂಟೆ ಪರೀಕ್ಷೆ ಮತ್ತೆ ಮಾಡಿದರೆ ಗೊತ್ತಾಗುತ್ತದೆ. ಸಿಮ್ ಇರುವ ಹಳೆಯ 3ಜಿ ಕಿಂಡಲ್ ಇಟ್ಟುಕೊಂಡವರು ಏರೋಪ್ಲೇನ್ ಮೋಡ್ ತೆಗೆಯಲೇ ಬಾರದು. ಸಿಗದ ಟವರ್ ಹುಡುಕುತ್ತ ಅದು ತಾನೇ ಸುಸ್ತಾಗುತ್ತದೆ.

ಓದುವಾಗಿನ ಖರ್ಚಿಗೆ ಬಂದರೆ ದೊಡ್ಡ ಪಾಲು ಮುಂಬೆಳಕಿನದು. ಇ-ಇಂಕ್ ಪರದೆಯಲ್ಲಿ ಕಪ್ಪು-ಬಿಳಿ ಕಣಗಳು ಒಮ್ಮೆ ಜಾಗ ಬದಲಿಸಿದ ಮೇಲೆ ಅಲ್ಲೇ ನಿಲ್ಲುತ್ತವೆ, ನಿಲ್ಲಲು ವಿದ್ಯುತ್ ಬೇಡ. ಎಲ್‌ಇಡಿ ಹಾಗಲ್ಲ, ಪುಟ ತಿರುಗದಿದ್ದರೂ ಉರಿಯುತ್ತಲೇ ಇರುತ್ತದೆ. ಹಗಲು ಕಿಟಕಿ ಪಕ್ಕದಲ್ಲಿ ದೀಪವನ್ನು ಸೊನ್ನೆಗೆ ಇಳಿಸಿ. ಬಣ್ಣದ ಇ-ಇಂಕ್ ಕೊಂಡವರು ಬ್ಯಾಟರಿ ಬೇಗ ಇಳಿಯುತ್ತದೆ ಎನ್ನುವುದಕ್ಕೂ ಇದೇ ಕಾರಣ: ಬಣ್ಣದ ಜರಡಿ ಬೆಳಕನ್ನು ನುಂಗುವುದರಿಂದ ಪರದೆ ಮಬ್ಬಾಗಿ ಕಾಣುತ್ತದೆ, ಜನ ದೀಪ ಏರಿಸುತ್ತಾರೆ.

ಕನ್ನಡ ಪುಸ್ತಕ ಓದುವವರ ಹೆಚ್ಚುವರಿ ಖರ್ಚು

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹೀಗಾಗಿ ಇ-ರೀಡರ್‌ನಲ್ಲಿ ಕನ್ನಡ ಎಂದರೆ ಬಹಳ ಮಂದಿಗೆ ಇವತ್ತಿಗೂ ಸ್ಕ್ಯಾನ್ ಮಾಡಿದ ಪಿಡಿಎಫ್. ಪುಸ್ತಕದ ಕಡತಗಳಲ್ಲಿ ಬ್ಯಾಟರಿಗೆ ಭಾರವಾದ ಹೊರೆ ಇದು. ಇಪಬ್ ಎಂಬ ಇ-ಪುಸ್ತಕ ಕಡತದ ಪುಟವೆಂದರೆ ಕೆಲವು ಕಿಲೋಬೈಟ್ ಅಕ್ಷರ. ಸ್ಕ್ಯಾನ್ ಪುಟವೆಂದರೆ ಒಂದು ಇಡೀ ಚಿತ್ರ: ಬಿಚ್ಚಬೇಕು, ಕುಗ್ಗಿಸಬೇಕು, ಹಳದಿಯಾದ ಕಾಗದದ ಛಾಯೆಯನ್ನು 16 ಬೂದುಬಣ್ಣಕ್ಕೆ ಇಳಿಸಬೇಕು. ಆರಿಂಚಿನ ಪರದೆಯಲ್ಲಿ ಓದಲಾಗದೆ ಹಿಗ್ಗಿಸಿ ಎಡಕ್ಕೆ ಬಲಕ್ಕೆ ಎಳೆದಾಗಲೆಲ್ಲ ಮತ್ತೆ ಅಷ್ಟೂ ಕೆಲಸ.

ಪರಿಹಾರ ಕಂಪ್ಯೂಟರಿನಲ್ಲಿದೆ. ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಸ್ಕ್ಯಾನ್ ಪುಟವನ್ನು ಚಿತ್ರವಾಗಿಯೇ ಕತ್ತರಿಸಿ, ಸಾಲುಗಳನ್ನು ಸಣ್ಣ ಪರದೆಗೆ ಮತ್ತೆ ಜೋಡಿಸುತ್ತದೆ. ಅದಕ್ಕೆ ಲಿಪಿ ಯಾವುದೆಂದು ಗೊತ್ತಿರಬೇಕಾಗಿಲ್ಲ, ಹಾಗಾಗಿ ಕನ್ನಡಕ್ಕೂ ಆಗುತ್ತದೆ. ಪೂರ್ತಿ ಪುಸ್ತಕಕ್ಕೆ ಹಾಕುವ ಮೊದಲು ನಾಲ್ಕು ಪುಟ ಮಾತ್ರ ಮಾಡಿ ನೋಡಿ: ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳು ತುಂಡಾಗಿ ಮುಂದಿನ ಸಾಲಿಗೆ ಅಂಟಿಕೊಂಡಿವೆಯೇ? 'ಸ್ತ್ರೀ', 'ರಾಷ್ಟ್ರ' ಇರುವ ಸಾಲುಗಳನ್ನೇ ಹುಡುಕಿ ಪರೀಕ್ಷಿಸಿ. ತೊಂದರೆ ಕಂಡರೆ ಮರುಜೋಡಣೆ ಬಿಟ್ಟು ಅಂಚು ಕತ್ತರಿಸುವುದನ್ನಷ್ಟೇ ಮಾಡಿ, ಹಿನ್ನೆಲೆಯನ್ನು ಶುದ್ಧ ಬಿಳಿ ಮಾಡಿ. ಅಷ್ಟರಿಂದಲೇ ಪುಟ ಬೇಗ ತಿರುಗುವುದು ಕಣ್ಣಿಗೆ ಕಾಣುತ್ತದೆ.

ಕನ್ನಡ ಆ್ಯಪ್‌ಗಳಿಗಾಗಿ ಆಂಡ್ರಾಯ್ಡ್ ಇ-ರೀಡರ್ ಕೊಳ್ಳುವವರು ವಾರಗಟ್ಟಲೆ ಚಾರ್ಜ್ ನಿಲ್ಲುವ ಆಸೆ ಇಟ್ಟುಕೊಳ್ಳಬಾರದು. ಬೂಕ್ಸ್ ಪಾಲ್ಮಾ ಎಂಬ ಆಂಡ್ರಾಯ್ಡ್ ಇ-ರೀಡರ್‌ನಲ್ಲಿ 3,950 ಎಂಎಎಚ್ ಬ್ಯಾಟರಿ ಇಟ್ಟಿರುವುದು ಸುಮ್ಮನೆ ಅಲ್ಲ.

ಎಷ್ಟು ಉಳಿದಿದೆ ಎಂದು ಅಳೆಯುವುದು

ಶೇಕಡಾವಾರು ಅಂಕಿ ಒಂದು ಅಂದಾಜು. ಶೇ 30ರಿಂದ ದಿಢೀರನೆ ಸೊನ್ನೆಗೆ ಬೀಳುತ್ತಿದ್ದರೆ ಲೆಕ್ಕದ ಚಿಪ್ ದಾರಿ ತಪ್ಪಿರಬಹುದು. ಒಮ್ಮೆ ತಾನೇ ನಿಲ್ಲುವವರೆಗೆ ಓದಿ, ತಕ್ಷಣ ತಡೆಯದೆ ನೂರಕ್ಕೆ ತುಂಬಿಸಿ. ಸರಿಯಾದರೆ ಬ್ಯಾಟರಿ ನಿರಪರಾಧಿ. ಇದನ್ನು ಪದೇ ಪದೇ ಮಾಡಬೇಡಿ, ವರ್ಷಕ್ಕೆ ಒಂದೆರಡು ಸಲ ಸಾಕು.

ನಿಖರ ಅಂಕಿ ಬೇಕಾದರೆ ಕೇಬಲ್ ನಡುವೆ ಹಾಕುವ ಯುಎಸ್‌ಬಿ ಮೀಟರ್ ತನ್ನಿ. ಖಾಲಿಯಿಂದ ಪೂರ್ತಿಯವರೆಗೆ, ದೀಪ ಆರಿಸಿ, ಸ್ಲೀಪ್‌ನಲ್ಲಿ ಚಾರ್ಜ್ ಮಾಡಿ, ಕೊನೆಗೆ ವ್ಯಾಟ್-ಅವರ್ ಅಂಕಿ ಓದಿ. ಎಂಎಎಚ್ ಅಂಕಿ ನಂಬಬೇಡಿ, ಅದು 5 ವೋಲ್ಟ್‌ನದು, ಬ್ಯಾಟರಿಯ ಮೇಲೆ ಬರೆದದ್ದು 3.7 ವೋಲ್ಟ್‌ನದು. 1,700 ಎಂಎಎಚ್ ಬ್ಯಾಟರಿ ಎಂದರೆ 6.3 ವ್ಯಾಟ್-ಅವರ್. ಚಾರ್ಜ್ ಆಗುವಾಗ ಶೇ 20ರಷ್ಟು ಶಾಖವಾಗಿ ಹೋಗುತ್ತದೆ ಎಂದಿಟ್ಟುಕೊಂಡರೆ, ಹೊಸದು ಮೀಟರ್‌ನಲ್ಲಿ 7.9ರ ಸುತ್ತ ತೋರಿಸಬೇಕು. ನಿಮ್ಮದು 5 ತೋರಿಸಿತು ಎನ್ನಿ: ಅದರ ಶೇ 80 ಅಂದರೆ 4, ಅದನ್ನು 6.3ರಿಂದ ಭಾಗಿಸಿದರೆ ಶೇ 63. ಅಗ್ಗದ ಮೀಟರ್ ಕೊನೆಯ ಹಂತದ ಸಣ್ಣ ಪ್ರವಾಹವನ್ನು ಸರಿಯಾಗಿ ಅಳೆಯದು, ಐದಾರು ಶೇಕಡಾ ಅತ್ತಿತ್ತ ಇರಲಿ. ಕೋಬೋ, ಪಾಕೆಟ್‌ಬುಕ್‌ಗಳಲ್ಲಿ ಕೆಒರೀಡರ್ ಎಂಬ ಉಚಿತ ಓದುವ ತಂತ್ರಾಂಶ ಹಾಕಿಕೊಂಡವರಿಗೆ ಅದರೊಳಗಿನ ಬ್ಯಾಟರಿ ಅಂಕಿಅಂಶ ಪ್ಲಗಿನ್ ಎಚ್ಚರದಲ್ಲಿ ಗಂಟೆಗೆಷ್ಟು, ನಿದ್ದೆಯಲ್ಲೆಷ್ಟು ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ.

ಶೇ 60 ಉಳಿದಿದೆ ಎಂದು ಬ್ಯಾಟರಿ ಬದಲಿಸಲು ಓಡಬೇಡಿ. ಫೋನಿಗೆ ಅದು ಸಂಕಟ, ಇ-ರೀಡರ್‌ಗೆ ಎರಡು ವಾರಕ್ಕೊಮ್ಮೆ ಚಾರ್ಜ್, ಅಷ್ಟೇ.

ಸತ್ತಂತೆ ಬಿದ್ದಿರುವುದನ್ನು ಎಬ್ಬಿಸುವುದು

ತಿಂಗಳುಗಟ್ಟಲೆ ಬಿದ್ದಿದ್ದ ಇ-ರೀಡರ್ ಚಾರ್ಜಿಗೆ ಹಾಕಿದರೂ ಮಿಣುಕೆನ್ನದಿದ್ದರೆ, ಮೊದಲು ಹಿಂಬದಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಉಬ್ಬಿದೆಯೇ ನೋಡಿ. ಉಬ್ಬಿಲ್ಲವಾದರೆ ಮಾತ್ರ ಮುಂದುವರಿಯಿರಿ. ಕಡಿಮೆ ಶಕ್ತಿಯ ಚಾರ್ಜರ್ ಅಥವಾ ಕಂಪ್ಯೂಟರ್ ಕಿಂಡಿಗೆ ಹಾಕಿ ಮೂರು ನಾಲ್ಕು ಗಂಟೆ ತಾಳ್ಮೆಯಿಂದ ಬಿಡಿ. ಆಳಕ್ಕಿಳಿದ ಕೋಶಕ್ಕೆ ಚಿಪ್ ಮೊದಲು ಹನಿಹನಿಯಾಗಿ ಕುಡಿಸುತ್ತದೆ, ಆಗ ದೀಪವೂ ಹತ್ತದಿರಬಹುದು. ಆಮೇಲೆ ಚಾರ್ಜರ್ ಚುಚ್ಚಿದ್ದಂತೆಯೇ ಬಟನ್ 40 ಸೆಕೆಂಡ್ ಹಿಡಿಯಿರಿ. ಈ ಹೊತ್ತಿನಲ್ಲಿ ಹತ್ತಿರದಲ್ಲಿರಿ, ಮುಟ್ಟಿ ನೋಡುತ್ತಿರಿ. ಕೈಗೆ ಬಿಸಿ ಹತ್ತಿದರೆ ಕಿತ್ತುಬಿಡಿ. ಒಂದು ರಾತ್ರಿ ಕಳೆದರೂ ಏಳದಿದ್ದರೆ ಬ್ಯಾಟರಿ ಬದಲಿಸುವ ಸಮಯ.

ಬ್ಯಾಟರಿ ಬದಲಿಸುವುದು

ಎಲ್ಲ ಮಾದರಿಗೂ ಇದು ಒಂದೇ ಕಷ್ಟವಲ್ಲ. 2024ರಲ್ಲಿ ಬಂದ ಕೋಬೋ ಕ್ಲಾರಾ ಮತ್ತು ಲಿಬ್ರಾ ಕಲರ್ ಮಾದರಿಗಳಿಗೆ ರಿಪೇರಿ ಜಾಲತಾಣ ಐಫಿಕ್ಸಿಟ್ ಜೊತೆ ಸೇರಿ ಕಂಪನಿಯೇ ರಿಪೇರಿ ಮಾರ್ಗದರ್ಶಿ ಕೊಟ್ಟಿದೆ. ನೀರು ತಡೆಯುವ ಕಿಂಡಲ್‌ಗಳನ್ನು ಅಂಟಿನಿಂದ ಮುಚ್ಚಿರುತ್ತಾರೆ. ಒಮ್ಮೆ ಬಿಚ್ಚಿದ ಮೇಲೆ ನೀರಿನ ರಕ್ಷಣೆ ಹೋಯಿತೆಂದೇ ತಿಳಿಯಿರಿ. ವಾರಂಟಿ ಇರುವಾಗಲಂತೂ ಕೈ ಹಾಕಬೇಡಿ.

ಹೊಸ ಬ್ಯಾಟರಿ ಕೊಳ್ಳುವಾಗ ಮಾದರಿ ಸಂಖ್ಯೆ ಹೊಂದಿಸಿ. ಅದು ಸಿಗದೆ ಸಾಮಾನ್ಯ ಪೌಚ್ (ಮೆತ್ತನೆಯ ಚೀಲದಂತಿರುವ ಚಪ್ಪಟೆ ಬ್ಯಾಟರಿ) ಕೊಳ್ಳಬೇಕಾದರೆ ಮೇಲಿನ ಆರಂಕಿ ಓದಲು ಕಲಿಯಿರಿ: 305080 ಎಂದರೆ 3.0 ಮಿಲಿಮೀಟರ್ ದಪ್ಪ, 50 ಅಗಲ, 80 ಉದ್ದ. ಇದು 12 ಘನ ಸೆಂಟಿಮೀಟರ್ ಆಯಿತು. ಇಂಥ ತೆಳು ಪೌಚ್‌ಗಳಲ್ಲಿ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 110ರಿಂದ 150 ಎಂಎಎಚ್ ಹಿಡಿಸುತ್ತದೆ, ಅಂದರೆ 1,300ರಿಂದ 1,800. ಅದೇ ಅಳತೆಯ ಮೇಲೆ '2,500' ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಭಾರತದಲ್ಲಿ ಮಾರುವ ಬ್ಯಾಟರಿ ಮೇಲೆ ಐಎಸ್ 16046 ಎಂಬ ಸುರಕ್ಷತಾ ಮಾನಕದ ಗುರುತಿರಬೇಕು. ಬಂದ ಕೂಡಲೇ ಮಲ್ಟಿಮೀಟರ್ ಹಿಡಿಯಿರಿ, 3.7-3.9 ವೋಲ್ಟ್ ಇರಬೇಕು. 3ಕ್ಕಿಂತ ಕೆಳಗಿದ್ದರೆ ವಾಪಸ್ ಕಳಿಸಿ. ವಿದೇಶದಿಂದ ಬರುವವರ ಕೈಲಿ ತರಿಸುವುದಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಬರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ತಂತಿಗಳು ಮೂರಿದ್ದರೆ ಕೆಂಪು ಧನ, ಕಪ್ಪು ಋಣ, ಮೂರನೆಯದು ಉಷ್ಣತೆ ಅಳೆಯುವ ಥರ್ಮಿಸ್ಟರ್. ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಮೂರನೆಯದಕ್ಕೂ ಕಪ್ಪಿಗೂ ನಡುವೆ 10 ಕಿಲೋಓಮ್ ತೋರಿಸುತ್ತದೆ. ಎರಡೇ ತಂತಿಯ ಬ್ಯಾಟರಿ ಹಾಕಿ, ಮೂರನೆಯದರ ಜಾಗಕ್ಕೆ ಒಂದು ರೆಸಿಸ್ಟರ್ ಬೆಸೆದು ಯಂತ್ರವನ್ನು ಏಮಾರಿಸುವ ರಿಪೇರಿಯವರಿದ್ದಾರೆ. ಚಾರ್ಜ್ ಆಗುತ್ತದೆ ನಿಜ, ಆದರೆ ಬಿಸಿಯಾದಾಗ ನಿಲ್ಲಿಸುವ ಕಾವಲುಗಾರ ಇಲ್ಲದಂತಾಗುತ್ತದೆ. ಒಪ್ಪಬೇಡಿ. ಕನೆಕ್ಟರ್ ಒಂದೇ ತರಹ ಕಂಡರೂ ಧನ-ಋಣ ಅದಲುಬದಲಾಗಿರಬಹುದು, ಹಳೆಯದರ ಪಕ್ಕದಲ್ಲಿಟ್ಟು ಮೀಟರ್‌ನಿಂದ ತಾಳೆ ನೋಡದೆ ಚುಚ್ಚಬೇಡಿ.

ಬೇಕಾದ ಸಾಮಾನು: ಪ್ಲಾಸ್ಟಿಕ್ ಪಿಕ್ ಅಥವಾ ಹಳೆಯ ಎಟಿಎಂ ಕಾರ್ಡ್, ಪಿಎಚ್00 ಮತ್ತು ಟಿ5 ಸ್ಕ್ರೂಡ್ರೈವರ್, ಹೇರ್ ಡ್ರೈಯರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ.

1. ಚಾರ್ಜ್ ಶೇ 25ಕ್ಕಿಂತ ಕೆಳಗಿಳಿಸಿ, ಸಾಧ್ಯವಿದ್ದರೆ ಪೂರ್ತಿ ಆಫ್ ಮಾಡಿ.
2. ಅಂಚನ್ನು ಡ್ರೈಯರ್‌ನಿಂದ ಬೆಚ್ಚಗಾಗಿಸಿ, ಪಿಕ್ಕನ್ನು 2-3 ಮಿಲಿಮೀಟರ್‌ಗಿಂತ ಒಳಗೆ ತಳ್ಳದೆ ಸುತ್ತ ಸಾಗಿಸಿ. ಹೆಚ್ಚಿನ ಇ-ಇಂಕ್ ಪರದೆಯ ಬೆನ್ನು ತೆಳು ಗಾಜು. ಅದು ಒಡೆದರೆ ಸದ್ದೂ ಆಗದು, ಆಮೇಲೆ ಅಳಿಸಲಾಗದ ಗೆರೆಗಳಷ್ಟೇ ಉಳಿಯುತ್ತವೆ.
3. ತೆರೆದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ತಂತಿ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತಲೆಯನ್ನು ಮೇಲಕ್ಕೆತ್ತಿ.
4. ಬ್ಯಾಟರಿ ಅಂಟಿಸಿದ್ದರೆ ಅಂಚಿಗೆ ನಾಲ್ಕೈದು ಹನಿ ಆಲ್ಕೋಹಾಲ್ ಬಿಟ್ಟು ಎರಡು ನಿಮಿಷ ಕಾದು, ಫ್ಲಾಸ್ ದಾರವನ್ನು ಕೆಳಗಿನಿಂದ ಗರಗಸದಂತೆ ಎಳೆಯಿರಿ. ಲೋಹದ ಚಾಕು ಹಾಕಿ ಮೀಟಿದರೆ ಪೌಚ್ ತೂತಾಗಿ ಬೆಂಕಿ ಹೊತ್ತಿಕೊಳ್ಳಬಹುದು.
5. ಹೊಸದನ್ನು ಚುಚ್ಚಿ, ಮುಚ್ಚುವ ಮೊದಲೇ ಆನ್ ಮಾಡಿ ನೋಡಿ, ಐದು ನಿಮಿಷ ಚಾರ್ಜ್ ಏರುತ್ತಿದೆಯೇ ಖಚಿತಪಡಿಸಿಕೊಳ್ಳಿ. ಆಮೇಲೆಯೇ ಅಂಟು, ಸ್ಕ್ರೂ.

ಹೊಸ ಬ್ಯಾಟರಿಯನ್ನು ಒಮ್ಮೆ ನೂರಕ್ಕೆ ತುಂಬಿಸಿ, ತಾನೇ ನಿಲ್ಲುವವರೆಗೆ ಓದಿ, ಮತ್ತೆ ತುಂಬಿಸಿ. ಲೆಕ್ಕದ ಚಿಪ್ ಹೊಸ ಅಳತೆ ಕಲಿಯಲು ಇದು ಬೇಕು. ಆ ಒಂದು ಸುತ್ತು ಆಗುವವರೆಗೆ ಅಂಕಿ ಹುಚ್ಚುಹುಚ್ಚಾಗಿ ಕಂಡರೆ ಬ್ಯಾಟರಿ ನಕಲಿ ಎಂದು ಜಗಳಕ್ಕೆ ಹೋಗಬೇಡಿ.

ಉಬ್ಬಿದ ಬ್ಯಾಟರಿ ಕಂಡರೆ

ಪರದೆ ಚೌಕಟ್ಟಿನಿಂದ ಎದ್ದಂತಿರುವುದು, ಮೇಜಿನ ಮೇಲಿಟ್ಟರೆ ಹಿಂಬದಿ ತೊಟ್ಟಿಲಂತೆ ತೂಗುವುದು, ಮುಟ್ಟದೆ ಪುಟ ತಿರುಗುವುದು, ಇವು ಉಬ್ಬಿನ ಲಕ್ಷಣ. ಒಳಗೆ ಅನಿಲ ತುಂಬಿದೆ. ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚಿ ಗಾಳಿ ಬಿಡುವ ಯೋಚನೆಯಂತೂ ಬೇಡವೇ ಬೇಡ. ಒಳಗಿನ ದ್ರಾವಣ ಹೊತ್ತಿ ಉರಿಯುವಂಥದ್ದು. ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ನೆರಳಿನಲ್ಲಿಡಿ.

ತೆಗೆದ ಹಳೆಯ ಬ್ಯಾಟರಿ ಉಬ್ಬಿರಲಿ ಬಿಡಲಿ, ಕನೆಕ್ಟರ್ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಹಸಿ ಕಸಕ್ಕೂ ಬೇಡ, ಒಣ ಕಸಕ್ಕೂ ಬೇಡ. ಕಸದ ಲಾರಿ ಹಿಂಡುವಾಗ ಅದು ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆ ಮಾಡುವ ಹೊಣೆ ಉತ್ಪಾದಕರದು. ಕರ್ನಾಟಕದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ, ಕೊಡುವಾಗ ಉಬ್ಬಿದೆ ಎಂದು ಬಾಯಿಬಿಟ್ಟು ಹೇಳಿ. ಯುರೋಪಿನಲ್ಲಿರುವವರು ಹೊಸ ಇ-ರೀಡರ್ ಕೊಳ್ಳಲು ಆತುರವಿಲ್ಲದಿದ್ದರೆ ಒಂದು ದಿನಾಂಕ ನೆನಪಿಡಿ: 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಎಂದು ಐರೋಪ್ಯ ಒಕ್ಕೂಟದ ನಿಯಮವಿದೆ.